ನೂಲಿನ ಊರಿನಲ್ಲಿ ಮೂರು ದಿನ: ಚಳಿಗಾಲದ ಬ್ರೂಜ್

ಶುಕ್ರವಾರ

ನಾನು ಧಾರವಾಡದವಳು. ನನ್ನವರ ಎಂಜಿನಿಯರ್ ಕೆಲಸದ ನಿಮಿತ್ತ ನಾವು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ಗೆ ಬಂದು ಆರು ವರ್ಷಗಳಾದವು. ನೆರೆಯ ಬೆಲ್ಜಿಯಂನ ಬ್ರೂಜ್‌ಗೆ ಹೋಗಬೇಕೆಂಬ ಮಾತು ಪ್ರತಿ ಬೇಸಿಗೆಯಲ್ಲೂ ಏಳುತ್ತಿತ್ತು, ಅಲ್ಲಿನ ಕಾಲುವೆಗಳ ದಡದಲ್ಲಿ ಕಾಲಿಡಲೂ ಎಡೆಯಿಲ್ಲದಂತೆ ಸೇರುವ ಜನರನ್ನು ನೆನೆದು ಹಾಗೆಯೇ ಬಿದ್ದುಹೋಗುತ್ತಿತ್ತು. ಈ ಸಲ ಜನವರಿಯ ಕೊನೆಯ ವಾರ, ಕ್ರಿಸ್‌ಮಸ್ ಸಂತೆಯ ದೀಪಗಳೆಲ್ಲ ಇಳಿದು ಊರು ತನ್ನ ಪಾಡಿಗೆ ತಾನಿರುವ ಹೊತ್ತಿನಲ್ಲಿ, ಎರಡು ರಾತ್ರಿಗಳ ಮಟ್ಟಿಗೆ ಹೋಗಿಬರೋಣವೆಂದು ನಿಶ್ಚಯಿಸಿದೆವು.

ನನಗೆ ಅಲ್ಲಿಗೆ ಹೋಗಲು ನನ್ನದೇ ಆದ ಒಂದು ಕಾರಣವಿತ್ತು. ನನ್ನ ಅಜ್ಜಿ ಇಳಕಲ್ ಸೀರೆಗಳ ಮೇಲೆ ಕಸೂತಿ ಹಾಕುತ್ತಿದ್ದಳು. ಅವಳ ಮಗ್ಗುಲಲ್ಲಿ ಕುಳಿತು ಕಲಿತ ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳನ್ನು ನಾನು ಇಂದಿಗೂ ಬಿಟ್ಟಿಲ್ಲ. ಎಲ್ಲಿಗೆ ಹೋದರೂ ಕೈಚೀಲದಲ್ಲಿ ಒಂದು ತುಂಡು ಬಟ್ಟೆ, ಸೂಜಿ, ನಾಲ್ಕು ಬಣ್ಣದ ರೇಷ್ಮೆ ಎಳೆಗಳು ಇದ್ದೇ ಇರುತ್ತವೆ. ಬ್ರೂಜ್ ಲೇಸಿಗೆ, ಅಂದರೆ ನೂಲಿನ ಎಳೆಗಳನ್ನು ಹೆಣೆದು ಮಾಡುವ ಜಾಲರಿಯಂಥ ಬಟ್ಟೆಗೆ, ಹೆಸರಾದ ಊರೆಂದು ತಿಳಿದಿತ್ತು. ಆದರೆ ಲೇಸಿಗೂ ಬಹಳ ಮುಂಚೆ, ಇಂಗ್ಲೆಂಡಿನ ಕುರಿಯುಣ್ಣೆ ಹಡಗುಗಳಲ್ಲಿ ಬಂದಿಳಿದು ಬ್ರೂಜ್ ಇರುವ ಫ್ಲಾಂಡರ್ಸ್ ಸೀಮೆಯ ಮಗ್ಗಗಳಲ್ಲಿ ಬಟ್ಟೆಯಾಗಿ ಯುರೋಪಿನ ಉದ್ದಗಲಕ್ಕೂ ಹೋಗುತ್ತಿದ್ದ ಕಾಲದಲ್ಲಿ, ಈ ಊರು ಬೆಳೆದದ್ದೇ ಬಟ್ಟೆಯಿಂದ ಎಂಬುದನ್ನು ಓದಿದಂದಿನಿಂದ ಅದನ್ನು ಕಣ್ಣಾರೆ ಕಾಣುವ ಆಸೆ ಬಲಿಯುತ್ತ ಬಂದಿತ್ತು.

ಆಂಟ್ವರ್ಪ್‌ನಲ್ಲಿ ರೈಲು ಬದಲಿಸಿ, ಗೆಂಟ್ ದಾಟಿ, ಮಧ್ಯಾಹ್ನ ಎರಡರ ಸುಮಾರಿಗೆ ಬ್ರೂಜ್‌ನಲ್ಲಿ ಇಳಿದೆವು. ಗೆಂಟ್‌ನಿಂದಾಚೆಗೆ ಹೊಲಗಳ ಮೇಲೆ ಕವಿದಿದ್ದ ಮಂಜು ಇಲ್ಲಿಯೂ ಕರಗಿರಲಿಲ್ಲ. ಹೊರಜಗತ್ತು ಬ್ರೂಜ್ ಎನ್ನುವ ಈ ಊರನ್ನು ಅದರ ಮಕ್ಕಳು ಕರೆಯುವುದು ಬ್ರುಗ್ಗೆ ಎಂದು, ಅದೂ ನಡುವಿನ ಗಕಾರವನ್ನು ಗಂಟಲಿನಾಳದಿಂದ ಉಜ್ಜಿ ತೆಗೆದು. ಇಲ್ಲಿ ಆಡುವುದು ಡಚ್ಚಿನ ಫ್ಲೆಮಿಷ್ ರೂಪ. ಆರು ವರ್ಷಗಳಲ್ಲಿ ನಾವು ಕಲಿತ ಅಷ್ಟಿಷ್ಟು ಡಚ್ ಇಲ್ಲಿ ಉಪಯೋಗಕ್ಕೆ ಬಂತು, ಮತ್ತು ಮುರುಕು ಮುರುಕಾಗಿಯಾದರೂ ತಮ್ಮ ನುಡಿಯಲ್ಲಿ ಮಾತಾಡಿಸಿದವರನ್ನು ಇಲ್ಲಿನವರು ಎಷ್ಟು ಪ್ರೀತಿಯಿಂದ ಕಾಣುತ್ತಾರೆಂಬುದು ಮೂರು ದಿನವೂ ಅನುಭವಕ್ಕೆ ಬಂತು.

ನಿಲ್ದಾಣದಿಂದ ಹಳೆಯ ಊರಿಗೆ ನಡೆದೇ ಹೋಗಬಹುದು. ದಾರಿಯಲ್ಲಿ ಮೊದಲು ಸಿಗುವುದು ಮಿನ್ನೆವಾಟರ್ ಎಂಬ ಕೆರೆ. ಬರಿಗೊಂಬೆಗಳ ಮರಗಳು, ಅಲ್ಲಾಡದ ಬೂದು ನೀರು, ದಂಡೆಗೆ ಹತ್ತಿ ಕುಳಿತ ಹಂಸಗಳು. ಅದರ ಪಕ್ಕದಲ್ಲೇ ಮೂರು ಕಮಾನುಗಳ ಕಲ್ಲುಸೇತುವೆ ದಾಟಿದರೆ 1776ರ ಹೆಬ್ಬಾಗಿಲು, ಅದರೊಳಗೆ ಬೇಗೈನರ ಪ್ರಾಂಗಣ. 1245ರಲ್ಲಿ ಫ್ಲಾಂಡರ್ಸಿನ ಒಡತಿ ಮಾರ್ಗರೆಟ್ ಇದನ್ನು ನೆಲೆಗೊಳಿಸಿದಳು. ಬೇಗೈನರೆಂದರೆ ಸಂನ್ಯಾಸದ ಶಾಶ್ವತ ದೀಕ್ಷೆ ತೊಡದೆ, ಮದುವೆಯನ್ನೂ ಒಲ್ಲದೆ, ಪ್ರಾರ್ಥನೆ ಮತ್ತು ದುಡಿಮೆಗಳನ್ನು ನಂಬಿ ಒಟ್ಟಿಗೆ ಬಾಳಿದ ಹೆಣ್ಣುಮಕ್ಕಳು. ದಾನವನ್ನು ನೆಚ್ಚಿ ಕೂರದೆ ಉಣ್ಣೆ ತೊಳೆದು, ನೂತು, ಮುಂದಿನ ಶತಮಾನಗಳಲ್ಲಿ ಲೇಸು ಹೆಣೆದು ತಮ್ಮ ಅನ್ನವನ್ನು ತಾವೇ ಸಂಪಾದಿಸಿಕೊಂಡರು. ಏಳುನೂರು ವರ್ಷಗಳ ಹಿಂದೆ ಗಂಡಿನ ಆಸರೆಯೂ ಮಠದ ಬಂಧನವೂ ಇಲ್ಲದ ಬದುಕೊಂದನ್ನು ಈ ಹೆಂಗಸರು ಕಟ್ಟಿಕೊಂಡಿದ್ದರೆಂಬುದು ನನಗೆ ಇಡೀ ಊರಿನ ಗೋಪುರಗಳಿಗಿಂತ ದೊಡ್ಡ ಸಂಗತಿ.

ಒಳಗೆ ಹುಲ್ಲಿನ ಅಂಗಳದ ಸುತ್ತ ಸುಣ್ಣ ಬಳಿದ ಬಿಳಿಯ ಮನೆಗಳು. ಬೇಗೈನರು ಈಗಿಲ್ಲ, 1927ರಿಂದ ಬೆನೆಡಿಕ್ಟೈನ್ ಸಂನ್ಯಾಸಿನಿಯರು ಇಲ್ಲಿದ್ದಾರೆ, ಕೆಲವು ಮನೆಗಳಲ್ಲಿ ಒಂಟಿಯಾಗಿ ಬಾಳುವ ಸಾಮಾನ್ಯ ಹೆಂಗಸರೂ ಇದ್ದಾರೆ. ಮೌನವಾಗಿರಿ ಎಂಬ ಫಲಕವನ್ನು ಓದುವ ಮೊದಲೇ ನಮ್ಮ ದನಿ ತಗ್ಗಿತ್ತು. ನಾವಿಬ್ಬರಲ್ಲದೆ ಅಂಗಳದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳಷ್ಟೇ ಇದ್ದಳು. ಬೇಸಿಗೆಯಲ್ಲಿ ಬಂದಿದ್ದರೆ ಈ ಅರ್ಧ ಗಂಟೆ ಸಿಗುತ್ತಿರಲಿಲ್ಲ.

ಉಳಿದುಕೊಂಡಿದ್ದು ಕಾಲುವೆಯ ಪಕ್ಕದ ಒಂದು ಚಿಕ್ಕ ತಂಗುಮನೆಯಲ್ಲಿ. ಸಾಮಾನು ಇಟ್ಟು ಹೊರಬೀಳುವಷ್ಟರಲ್ಲಿ ಐದು ದಾಟಿ ಕತ್ತಲು ಇಳಿಯತೊಡಗಿತ್ತು. ಮಾರ್ಕ್ಟ್ ಎಂಬ ದೊಡ್ಡ ಚೌಕಕ್ಕೆ ಬಂದಾಗ ಗಂಟೆಗೋಪುರದ ತುದಿ ಮಂಜಿನಲ್ಲಿ ಅಡಗಿಹೋಗಿತ್ತು. ಕಾಣುತ್ತಿದ್ದದ್ದು ಬುಡದ ಹಾಲೆನ್ ಕಟ್ಟಡ ಮಾತ್ರ. ನನಗೆ ಬೇಕಾಗಿದ್ದದ್ದೂ ಅದೇ. ಹಾಲೆನ್ ಎಂದರೆ ಬಟ್ಟೆಯ ಸಂತೆ ನೆರೆಯುತ್ತಿದ್ದ ಮಂಡಿ. ಆ ಮಂಡಿಯ ನೆತ್ತಿಯ ಮೇಲೆಯೇ ಗೋಪುರವನ್ನು ಎತ್ತಿದ್ದಾರೆ. ಚೌಕದ ಇನ್ನೊಂದು ಮಗ್ಗುಲಲ್ಲಿ, ಈಗ ಪ್ರಾಂತ್ಯದ ಹಳೆಯ ಆಡಳಿತ ಭವನ ನಿಂತಿರುವ ಕಡೆ, ವಾಟರ್‌ಹಾಲೆ ಎಂಬ ಭಾರಿ ಸೂರು ಇತ್ತಂತೆ. ಕಾಲುವೆ ಅದರ ಕೆಳಗೇ ಹರಿಯುತ್ತಿತ್ತು; ಸರಕಿನ ದೋಣಿಗಳು ನೇರವಾಗಿ ಕಟ್ಟಡದೊಳಕ್ಕೆ ಬಂದು, ಉಣ್ಣೆಯೂ ಬಟ್ಟೆಯೂ ಮಳೆಹನಿ ಸೋಕದಂತೆ ಸೂರಿನಡಿಯಲ್ಲೇ ಇಳಿಯುತ್ತಿದ್ದವು. ನೀರು ಹಿಂದೆ ಸರಿದು ವ್ಯಾಪಾರ ಬತ್ತಿದ ಮೇಲೆ 1787ರಲ್ಲಿ ಅದನ್ನು ಕೆಡವಿದರು.

ಚೌಕದ ನಡುವೆ ಇಬ್ಬರ ಪ್ರತಿಮೆ ಇದೆ, 1887ರಲ್ಲಿ ನಿಲ್ಲಿಸಿದ್ದು. ಒಬ್ಬ ಯಾನ್ ಬ್ರೇಯ್ಡಲ್, ಕಸಾಯಿ. ಇನ್ನೊಬ್ಬ ಪೀಟರ್ ಡೆ ಕೋನಿಂಕ್, ನೇಕಾರ. ಊರ ನಡುಚೌಕದಲ್ಲಿ ದೊರೆಯನ್ನಲ್ಲದೆ ನೇಕಾರನನ್ನು ನಿಲ್ಲಿಸಿದ್ದಾರಲ್ಲ ಎಂದು ನಾನು ಬಹಳ ಹೊತ್ತು ನಿಂತು ನೋಡಿದೆ. 1302ರ ಮೇ ತಿಂಗಳ ಒಂದು ಮುಂಜಾವಿನಲ್ಲಿ, ಈ ಇಬ್ಬರ ಮುಂದಾಳ್ತನದಲ್ಲೆಂದು ಹೇಳುತ್ತಾರೆ, ಊರಿನವರು ಊರನ್ನು ಹಿಡಿದಿದ್ದ ಫ್ರೆಂಚ್ ಕಾವಲುಪಡೆಯ ಮೇಲೆ ಬಿದ್ದರು. ಎದುರಾದವನು ನಮ್ಮವನೋ ಪರರವನೋ ಎಂದು ತಿಳಿಯಲು ‘ಸ್ಖಿಲ್ಡ್ ಎನ್ ವ್ರೀಂಡ್’ (ಗುರಾಣಿ ಮತ್ತು ಗೆಳೆಯ) ಎಂದು ಹೇಳಿಸುತ್ತಿದ್ದರಂತೆ, ಏಕೆಂದರೆ ಫ್ರೆಂಚ್ ನಾಲಿಗೆಗೆ ಆ ಮೊದಲ ಪದದ ಒತ್ತಕ್ಷರ ಹೊರಳುವುದಿಲ್ಲ. ಅದೇ ವರ್ಷ ಜುಲೈ 11ರಂದು ಕೋರ್ಟ್ರೈಕ್ ಬಳಿ ನೇಕಾರರೂ ಕಸುಬಿನವರೂ ತುಂಬಿದ್ದ ಕಾಲಾಳು ಪಡೆ ಫ್ರೆಂಚ್ ಕುದುರೆ ಸವಾರರನ್ನು ಸೋಲಿಸಿತು. ಇಂದಿಗೂ ಜುಲೈ 11 ಫ್ಲೆಮಿಷರ ನಾಡಹಬ್ಬ. ಒಂದು ಒತ್ತಕ್ಷರದ ಮೇಲೆ ಜೀವ ನಿಂತಿದ್ದ ಆ ಬೆಳಗನ್ನು ನೆನೆದರೆ ಮೈ ನಡುಗುತ್ತದೆ. ನುಡಿಯನ್ನು ಪ್ರೀತಿಸುವ ನಾನು ಕೂಡ ಆ ಭಾಗವನ್ನು ಸಂಭ್ರಮದಿಂದ ಹೇಳಲಾರೆ.

ರಾತ್ರಿ ಚೌಕದ ಗಾಡಿಯಲ್ಲಿ ಆಲೂಗಡ್ಡೆಯ ಫ್ರಿಟ್ಸ್ ಕೊಂಡೆವು. ಸಸ್ಯಾಹಾರಿಗಳು ಇಲ್ಲಿ ಒಂದು ಮಾತು ಕೇಳಿಯೇ ಕೊಳ್ಳಬೇಕು. ಬೆಲ್ಜಿಯಂನ ಹಲವು ಕಡೆ ಇದನ್ನು ದನದ ಕೊಬ್ಬಿನಲ್ಲಿ ಎರಡು ಸಲ ಕರಿಯುವ ರೂಢಿಯಿದೆ. ಸಸ್ಯಜನ್ಯ ಎಣ್ಣೆ ಬಳಸುವವರೂ ಇದ್ದಾರೆ, ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕೋಣೆಗೆ ಬಂದು ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿದೆವು.

ಶನಿವಾರ

ಬೆಳಿಗ್ಗೆ ಎಂಟೂವರೆಯವರೆಗೆ ಸೂರ್ಯನ ಸುಳಿವಿಲ್ಲ. ರೋಸೆನ್‌ಹುಡ್‌ಕಾಯ್ ಎಂಬ ಕಾಲುವೆಕಟ್ಟೆ ಈ ಊರಿನ ಅತಿ ಹೆಚ್ಚು ಚಿತ್ರಗಳಲ್ಲಿ ಕಾಣುವ ಜಾಗ. ಅಲ್ಲಿಗೆ ಹೋದಾಗ ಕಲ್ಲುಹಾಸಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಪ್ರವಾಸಿ ದೋಣಿಗಳು ಚಳಿಗಾಲದ ವಿಶ್ರಾಂತಿಯಲ್ಲಿದ್ದುದರಿಂದ ನೀರನ್ನು ಕಲಕುವುದು ಏನೂ ಇರಲಿಲ್ಲ. ಇಟ್ಟಿಗೆಯ ಗೋಡೆಗಳೂ ಮೆಟ್ಟಿಲು ಮೆಟ್ಟಿಲಾದ ಮಾಳಿಗೆಯ ಮುಖಗಳೂ ತಲೆಕೆಳಗಾಗಿ ನೀರಿನೊಳಗೆ ನಿಚ್ಚಳವಾಗಿ ನಿಂತಿದ್ದವು. ನನ್ನವರು ಒಂದೆರಡು ಚಿತ್ರ ತೆಗೆದು ಕೈಗವಸು ಹಾಕಿಕೊಂಡರು.

ಗ್ರೂನಿಂಗ ಸಂಗ್ರಹಾಲಯ ತೆರೆಯುವ ಹೊತ್ತಿಗೇ ಬಾಗಿಲಲ್ಲಿದ್ದೆವು. ಯಾನ್ ವಾನ್ ಐಕ್ ಎಂಬ ಚಿತ್ರಕಾರ ಈ ಊರಿನಲ್ಲೇ ನೆಲೆಸಿ 1441ರಲ್ಲಿ ಇಲ್ಲೇ ತೀರಿಕೊಂಡ. ಅವನ ಎರಡು ಚಿತ್ರಗಳು ಇಲ್ಲಿವೆ. ದೊಡ್ಡದು 1436ರಲ್ಲಿ ಮುಗಿದದ್ದು: ನಡುವೆ ಮಗುವನ್ನು ಹಿಡಿದ ಮೇರಿ, ಬಲಕ್ಕೆ ಮಂಡಿಯೂರಿದ ಮುದಿ ಪಾದ್ರಿ ಯೋರಿಸ್ ವಾನ್ ಡರ್ ಪಾಲೆ, ಅವನ ಕೈಯಲ್ಲಿ ಕನ್ನಡಕ; ಎಡಕ್ಕೆ ಸಂತ ಡೊನೇಷಿಯನ್. ಪಾದ್ರಿಯ ಮುಖದ ಸುಕ್ಕುಗಳನ್ನು, ಕಣ್ಣಿನ ದಣಿವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಕಣ್ಣು ಹೋದದ್ದು ಸಂತನ ಮೈಮೇಲಿನ ನೀಲಿ ಮತ್ತು ಚಿನ್ನದ ಜರತಾರಿ ನಿಲುವಂಗಿಗೆ. ಜರಿಯ ಎಳೆ ಎಲ್ಲಿ ಮೇಲೆ ಬಂದಿದೆ, ಮಡಿಕೆ ಬಿದ್ದಲ್ಲಿ ಹೂಬಳ್ಳಿಯ ವಿನ್ಯಾಸ ಹೇಗೆ ಮುರಿದು ಆಚೆ ಬದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ ಎಂಬುದನ್ನೆಲ್ಲ ನೇಯ್ದವನಿಗೆ ಮಾತ್ರ ತಿಳಿಯುವಷ್ಟು ನಿಖರವಾಗಿ ಬರೆದಿದ್ದಾನೆ. ಮೇರಿಯ ಕಾಲಡಿಯ ಪೂರ್ವದೇಶದ ಜಮಖಾನೆಯಲ್ಲಿ ಗಂಟುಗಳ ಸಾಲನ್ನು ಎಣಿಸಬಹುದೇನೋ ಅನ್ನಿಸುತ್ತದೆ. ಬಟ್ಟೆಯ ವ್ಯಾಪಾರದಿಂದ ಬದುಕುವ ಊರಿನಲ್ಲಿ ಈ ಚಿತ್ರವನ್ನು ಮೊದಲು ನೋಡಿದವರಲ್ಲಿ ನೇಕಾರರೂ ಬಣ್ಣಗಾರರೂ ವರ್ತಕರೂ ಇದ್ದಿರಲೇಬೇಕು. ಬಟ್ಟೆಯಲ್ಲಿ ತಪ್ಪು ಬರೆದರೆ ಆ ಕಣ್ಣುಗಳಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಇನ್ನೊಂದು ಚಿತ್ರ ಶಾಲೆಯ ಪಾಟಿಗಿಂತ ತುಸುವೇ ದೊಡ್ಡದು: ಚಿತ್ರಕಾರನ ಹೆಂಡತಿ ಮಾರ್ಗರೀಟ. ಕೆಂಪು ಉಣ್ಣೆಯ ಉಡುಪು, ತಲೆಯ ಮೇಲೆ ಅಂಚಿನಲ್ಲಿ ಪದರ ಪದರವಾಗಿ ನಿರಿಗೆ ಹಿಡಿದ ಬಿಳಿಯ ನಾರುಬಟ್ಟೆ. ಅವಳನ್ನು ಚೆಲುವೆಯೆಂದು ತೋರಿಸುವ ಹವಣಿಕೆ ಒಂದಿಷ್ಟೂ ಇಲ್ಲ. ಬಿಗಿದ ತುಟಿ, ನೇರವಾಗಿ ನಮ್ಮನ್ನೇ ಅಳೆಯುವ ನೋಟ. ಚೌಕಟ್ಟಿನ ಮೇಲೆ ಅವಳೇ ಮಾತಾಡುವಂತೆ ಬರೆದಿದೆ: ನನ್ನ ಗಂಡ ಯಾನ್ 1439ರ ಜೂನ್ 17ರಂದು ನನ್ನನ್ನು ಪೂರ್ತಿಗೊಳಿಸಿದ, ಆಗ ನನ್ನ ವಯಸ್ಸು ಮೂವತ್ತಮೂರು. ಜೊತೆಗೆ ಅವನ ಧ್ಯೇಯವಾಕ್ಯ, ‘ನನ್ನಿಂದಾದಷ್ಟು’ ಎಂಬರ್ಥದ್ದು. ನನ್ನವರು ಆ ಸಾಲುಗಳನ್ನು ವಿವರಣೆಯ ಫಲಕದಿಂದ ಓದಿ ಕನ್ನಡದಲ್ಲಿ ಹೇಳಿದರು. ನಮಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ನಾವಿಬ್ಬರೂ ಏನೂ ಮಾತಾಡಲಿಲ್ಲ. ಕೊಠಡಿಯ ಬೆಂಚಿನ ಮೇಲೆ ಕುಳಿತು, ಅವಳ ತಲೆವಸ್ತ್ರದ ನಿರಿಗೆಗಳಲ್ಲಿ ಒಂದೊಂದು ಪದರದ ನೆರಳೂ ಮುಂದಿನದರ ಮೇಲೆ ಬೀಳುವುದನ್ನು ನೋಡುತ್ತಿದ್ದೆವು.

ಅಲ್ಲಿಂದ ನೋತ್ರ ದಾಮ್ ಚರ್ಚು ಎರಡು ಹೆಜ್ಜೆ. ಅದರ ಗೋಪುರ 115 ಮೀಟರಿಗೂ ಎತ್ತರ, ಎಲ್ಲವೂ ಇಟ್ಟಿಗೆ. ಒಳಗೆ ಮೈಕೆಲೇಂಜೆಲೋ ಕಡೆದ ಅಮೃತಶಿಲೆಯ ತಾಯಿ ಮತ್ತು ಮಗು. ಇದು ಇಲ್ಲಿಗೆ ಬಂದದ್ದೂ ಬಟ್ಟೆಯ ಹಣದಿಂದಲೇ: ಇಟಲಿಯೊಡನೆ ವ್ಯಾಪಾರವಿದ್ದ ಮೌಸ್ಕ್ರೋನ್ ಮನೆತನದ ಬಟ್ಟೆ ವರ್ತಕರು ಹದಿನಾರನೆಯ ಶತಮಾನದ ಆರಂಭದಲ್ಲಿ ಕೊಂಡು ತಂದರು. 1794ರಲ್ಲಿ ಫ್ರೆಂಚ್ ಸೈನ್ಯ ಹೊತ್ತೊಯ್ದಿತು. ನೆಪೋಲಿಯನ್ನನ ಸೋಲಿನ ಬಳಿಕ ಮರಳಿತು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ನರು ಹಾಸಿಗೆಗಳಲ್ಲಿ ಸುತ್ತಿ ರೆಡ್‌ಕ್ರಾಸ್ ಗುರುತಿನ ವಾಹನದಲ್ಲಿ ಸಾಗಿಸಿದರು. ಮರುವರ್ಷ ಆಸ್ಟ್ರಿಯದ ಆಲ್ಟೌಸಿಯ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ತಾಯಿಯ ದೃಷ್ಟಿ ಮಗುವಿನ ಮೇಲಿಲ್ಲ, ಕೆಳಗೆ ಎಲ್ಲೋ ಇದೆ. ಮಗು ಅವಳ ಮಡಿಲಿನಿಂದ ಜಾರಿ ನೆಲಕ್ಕೆ ಕಾಲಿಡಲು ಹೊರಟಂತಿದೆ, ಆದರೆ ಅವಳ ಬೆರಳನ್ನು ಬಿಟ್ಟಿಲ್ಲ. ಗರ್ಭಗೃಹದ ಭಾಗದಲ್ಲಿ ಈ ಸೀಮೆಯ ಒಡತಿಯಾಗಿದ್ದ ಬರ್ಗಂಡಿಯ ಮೇರಿಯ ಕಂಚಿನ ಸಮಾಧಿಯಿದೆ. ಬೇಟೆಯಲ್ಲಿ ಕುದುರೆಯಿಂದ ಬಿದ್ದು 1482ರಲ್ಲಿ ಸತ್ತಾಗ ಆಕೆಗೆ ಇಪ್ಪತ್ತೈದು. ಅವಳ ಬಳಿಕ ಈ ಊರಿಗೂ ಹೊಸ ಒಡೆಯನಾದ ಅವಳ ಗಂಡ ಮ್ಯಾಕ್ಸಿಮಿಲಿಯನ್ನನಿಗೂ ಹಗೆ ಬೆಳೆದು, ವರ್ತಕರು ಆಂಟ್ವರ್ಪ್ ಕಡೆಗೆ ಮುಖ ಮಾಡಿದರು. ಸಮುದ್ರಕ್ಕೆ ಒಯ್ಯುತ್ತಿದ್ದ ಜ್ವಿನ್ ಎಂಬ ಜಲಮಾರ್ಗವನ್ನು ಅಷ್ಟು ಹೊತ್ತಿಗಾಗಲೇ ಮರಳು ನುಂಗುತ್ತಿತ್ತು. 1134ರ ಬಿರುಗಾಳಿಯಲ್ಲಿ ಸಮುದ್ರವೇ ಒಡೆದು ಕೊಟ್ಟಿದ್ದ ದಾರಿಯನ್ನು ಸಮುದ್ರವೇ ಮುಚ್ಚಿಕೊಂಡಿತು.

ಮಧ್ಯಾಹ್ನ ಲೀಕ್ ಸೂಪು, ರೊಟ್ಟಿ, ಗಿಣ್ಣು. ಊಟಕ್ಕಿಂತ ಹೆಚ್ಚಾಗಿ ನೆನಪಿರುವುದು ಆ ಚಳಿಯಲ್ಲಿ ಬಟ್ಟಲಿನ ಬಿಸಿ.

ಮೂರು ಗಂಟೆಗೆ ಊರಿನ ಮೂಡಣ ಭಾಗದ ಬಾಲ್‌ಸ್ಟ್ರಾಟ್‌ನಲ್ಲಿರುವ ಲೇಸ್ ಕೇಂದ್ರಕ್ಕೆ ಬಂದೆವು. ಇದು ಸಂನ್ಯಾಸಿನಿಯರು ನಡೆಸುತ್ತಿದ್ದ ಹಳೆಯ ಲೇಸ್ ಶಾಲೆಯ ಕಟ್ಟಡ. ಕೆಳಗೆ ಸಂಗ್ರಹಾಲಯ, ಮಹಡಿಯಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಕುಳಿತು ಹೆಣೆಯುವ ಕೋಣೆ. ಮೆಟ್ಟಿಲಲ್ಲೇ ಸದ್ದು ಕೇಳಿಸಿತು. ಮರದ ಚಿಕ್ಕ ಕದಿರುಗಳು ಒಂದಕ್ಕೊಂದು ತಗಲುವ ಟಿಕ್ಕು ಟಿಕ್ಕು, ನಿಲ್ಲದ ಮಳೆಹನಿಯ ಹಾಗೆ.

ಲೇಸು ಹೆಣೆಯುವ ಬಗೆಯನ್ನು ನಾನು ಪುಸ್ತಕಗಳಿಂದ ಅರ್ಥ ಮಾಡಿಕೊಳ್ಳಲಾರದೆ ಸೋತಿದ್ದೆ. ಕಣ್ಣೆದುರು ಕಂಡಾಗ ಐದು ನಿಮಿಷದಲ್ಲಿ ತಿಳಿಯಿತು. ಗಟ್ಟಿ ದಿಂಬಿನ ಮೇಲೆ ವಿನ್ಯಾಸವನ್ನು ತೂತುಗಳಲ್ಲಿ ಗುರುತಿಸಿದ ರಟ್ಟು. ಪ್ರತಿ ಎಳೆಯ ತುದಿಗೂ ಒಂದು ಕದಿರು ತೂಗುತ್ತಿರುತ್ತದೆ. ಹೆಣೆಯುವವಳು ಒಂದು ಸಲಕ್ಕೆ ಎರಡು ಜೋಡಿ, ಅಂದರೆ ನಾಲ್ಕು ಕದಿರುಗಳನ್ನು ಹಿಡಿಯುತ್ತಾಳೆ. ಅವಳು ಮಾಡುವ ಚಲನೆಗಳು ಎರಡೇ: ಅಡ್ಡ ಹಾಯಿಸುವುದು, ತಿರುಚುವುದು. ಆಮೇಲೆ ರಟ್ಟಿನ ತೂತಿಗೆ ಗುಂಡುಸೂಜಿ ಚುಚ್ಚಿ ಆ ಹೆಣಿಗೆಯನ್ನು ನಿಲ್ಲಿಸುತ್ತಾಳೆ. ಅಡ್ಡ, ತಿರುಚು, ಅಡ್ಡ ಎಂದು ಮಾಡಿದರೆ ಹಾಸುಹೊಕ್ಕಿನ ನೇಯ್ಗೆಯೇ ಆಗುತ್ತದೆ. ಮಗ್ಗವಿಲ್ಲದೆ ಅಂಗೈಯಗಲದಲ್ಲಿ ನೇಯುವ ಬಟ್ಟೆ ಅದು. ಈ ಊರಿನ ವಿಶೇಷವಾದ ಹೂಗೆಲಸದಲ್ಲಿ ದಳಗಳನ್ನು ಬೇರೆ ಬೇರೆ ಹೆಣೆದು ಜಾಲಿಯಿಂದ ಕೂಡಿಸುತ್ತಾರೆ. ಇನ್ನೊಂದು ಬಗೆಗೆ ಮಾಟಗಾತಿಯ ಹೊಲಿಗೆ ಎಂಬ ಹೆಸರಿದೆ, ಅದಕ್ಕೆ ನೂರಾರು ಕದಿರುಗಳು ಬೇಕು.

ಕೆಳಗಿನ ಸಂಗ್ರಹಾಲಯವನ್ನು ನೋಡಿ ಬಂದವರು ಈ ಕೆಲಸದ ಚಂದವನ್ನಷ್ಟೇ ಹೊಗಳಿ ಹೋಗಲಾರರು. ಬಂದರು ಸತ್ತು ಊರು ಬಡತನಕ್ಕೆ ಬಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಸಾವಿರಾರು ಹೆಂಗಸರು, ಎಳೆಯ ಹುಡುಗಿಯರು, ಬೆಳಗಿನಿಂದ ರಾತ್ರಿಯವರೆಗೆ ದಿಂಬಿನ ಮೇಲೆ ಬಾಗಿ ಲೇಸು ಹೆಣೆದರು. ಕತ್ತಲಾದ ಮೇಲೆ ಒಂದೇ ದೀಪದ ಬೆಳಕನ್ನು ನೀರು ತುಂಬಿದ ಗಾಜಿನ ಬುರುಡೆಗಳಿಂದ ಹಾಯಿಸಿ ಹಲವರು ಹಂಚಿಕೊಳ್ಳುತ್ತಿದ್ದರು. ಕೂಲಿ ಅತ್ಯಲ್ಪ, ಲಾಭವೆಲ್ಲ ನಡುವಿನ ವ್ಯಾಪಾರಿಗಳದು. ನನ್ನ ಅಜ್ಜಿಯೂ ಒಂದು ಸೆರಗಿಗೆ ತಿಂಗಳುಗಟ್ಟಲೆ ಕಣ್ಣು ಕೊಟ್ಟು ಪಡೆದದ್ದು ಎಷ್ಟೆಂದು ನನಗೆ ಗೊತ್ತು. ಊರಿನ ಅಂಗಡಿಗಳಲ್ಲಿ ಲೇಸೆಂದು ಮಾರುವುದರಲ್ಲಿ ಹೆಚ್ಚಿನದು ಯಂತ್ರದ್ದು ಅಥವಾ ಬೇರೆ ದೇಶಗಳಿಂದ ಬಂದದ್ದು. ಕೈಯಿಂದ ಹೆಣೆದದ್ದರ ಬೆಲೆ ಕೇಳಿ ಹಿಂದೆ ಸರಿಯುವವರು ಒಮ್ಮೆ ಈ ಕೋಣೆಯಲ್ಲಿ ಕಾಲು ಗಂಟೆ ನಿಲ್ಲಬೇಕು.

ಕಿಟಕಿಯ ಬಳಿ ಕುಳಿತಿದ್ದ ಹಿರಿಯಾಕೆ ನಾನು ಅಷ್ಟು ಹೊತ್ತು ನಿಂತಿದ್ದನ್ನು ಕಂಡು ನೀವೂ ಹೆಣೆಯುತ್ತೀರಾ ಎಂದು ಕೇಳಿದರು. ನಾನು ಕೈಚೀಲದಿಂದ ಕಸೂತಿಯ ತುಂಡನ್ನು ತೆಗೆದು ಕೊಟ್ಟೆ. ಕಪ್ಪು ಬಟ್ಟೆಯ ಮೇಲೆ ಅರ್ಧಕ್ಕೆ ನಿಂತಿದ್ದ ಒಂದು ಗೋಪುರ, ಅದರ ಕೆಳಗೆ ಸಾಲು ದೀಪಗಳು. ಆಕೆ ಅದರ ಮುಂಬದಿಯನ್ನು ಹೆಚ್ಚು ಹೊತ್ತು ನೋಡಲಿಲ್ಲ. ತಿರುವಿ ಹಿಂಬದಿಯನ್ನು ಬೆಳಕಿಗೆ ಹಿಡಿದರು, ಬೆರಳಿನಿಂದ ಸವರಿ ಗಂಟು ಹುಡುಕಿದರು. ಗಂಟು ಇರಲಿಲ್ಲ. ಗವಂತಿಯಲ್ಲಿ ಗಂಟು ಹಾಕುವುದಿಲ್ಲ, ಹೋಗುವಾಗ ಬಿಟ್ಟ ಎಡೆಯನ್ನು ಬರುವಾಗ ತುಂಬುತ್ತ ಬರುತ್ತೇವೆ, ಎರಡೂ ಬದಿ ಒಂದೇ ಆಗಿರಬೇಕು ಎಂದು ನನ್ನ ಹರುಕು ಡಚ್ಚಿನಲ್ಲಿ ವಿವರಿಸಿದೆ. ಗೆರೆ ಬರೆದುಕೊಳ್ಳುವುದಿಲ್ಲವೇ ಎಂದು ಕೇಳಿದರು. ಇಲ್ಲ, ಬಟ್ಟೆಯ ಎಳೆ ಎಣಿಸುತ್ತೇವೆ ಎಂದೆ. ಆಕೆ ಪಕ್ಕದವರನ್ನು ಕರೆದರು. ನಾಲ್ಕೈದು ಹೆಂಗಸರು ದಿಂಬುಗಳನ್ನು ಬಿಟ್ಟು ಎದ್ದು ಬಂದು ಆ ತುಂಡನ್ನು ಕೈಯಿಂದ ಕೈಗೆ ಸಾಗಿಸುತ್ತ, ಪ್ರತಿಯೊಬ್ಬರೂ ಮೊದಲು ಹಿಂಬದಿಯನ್ನೇ ನೋಡುತ್ತ ನಿಂತಾಗ ನನಗೆ ಗಂಟಲು ಕಟ್ಟಿತು. ಅಜ್ಜಿಯೂ ಯಾರ ಕೆಲಸ ಕಂಡರೂ ಮೊದಲು ಮಗುಚಿಯೇ ನೋಡುತ್ತಿದ್ದಳು. ಹಿರಿಯಾಕೆ ತಮ್ಮ ದಿಂಬಿನ ಎದುರು ನನ್ನನ್ನು ಕೂರಿಸಿ ನಾಲ್ಕು ಕದಿರು ಕೈಗಿತ್ತರು. ಅಡ್ಡ, ತಿರುಚು, ಅಡ್ಡ. ಒಂದು ಅಂಗುಲ ಹೆಣೆಯಲು ನನಗೆ ಅರ್ಧ ಗಂಟೆ ಹಿಡಿಯಿತು.

ಹೊರಗೆ ಬಂದಾಗ ಐದಕ್ಕೆ ಹತ್ತಿರ. ಪಕ್ಕದ ಜೆರುಸಲೇಮ್ ಚರ್ಚನ್ನು, ಜಿನೋವಾ ಮೂಲದ ಆಡೋರ್ನೆಸ್ ವರ್ತಕ ಮನೆತನದವರು ಹದಿನೈದನೆಯ ಶತಮಾನದಲ್ಲಿ ಕಟ್ಟಿಸಿದ್ದನ್ನು, ಹೊರಗಿನಿಂದಲೇ ನೋಡಿ ಕೋಟೆದಿಬ್ಬದ ಕಡೆ ನಡೆದೆವು. ಹಿಂದೆ ಊರಿನ ಕೋಟೆಯಿದ್ದ ದಿಬ್ಬದ ಮೇಲೆ ಗಾಳಿಗಿರಣಿಗಳು ಉಳಿದಿವೆ. ಅವುಗಳಲ್ಲಿ ಸಿಂಟ್ ಯಾನ್ಸ್‌ಹೌಸ್ ಗಿರಣಿ 1770ರಿಂದಲೂ ತಾನು ಹುಟ್ಟಿದ ಜಾಗದಲ್ಲೇ ಇದೆ. ಮಂಜು ಹರಿದು ಪಡುವಣದಲ್ಲಿ ಒಂದು ಗೀರು ಕೇಸರಿ ಬಣ್ಣ ಕಾಣಿಸಿಕೊಂಡಿತು. ಚಳಿ ಎಲುಬಿಗೆ ಇಳಿಯುವವರೆಗೂ ಅಲ್ಲೇ ಕುಳಿತಿದ್ದೆವು.

ಭಾನುವಾರ

ಗಂಟೆಗೋಪುರ ತೆರೆದ ಕೂಡಲೇ ಹತ್ತತೊಡಗಿದೆವು. ಎತ್ತರ 83 ಮೀಟರ್, ಮೆಟ್ಟಿಲು 366. ಮೇಲೆ ಹೋದಂತೆ ಮೆಟ್ಟಿಲು ಕಿರಿದಾಗಿ, ಕೊನೆಯಲ್ಲಿ ಹಗ್ಗ ಹಿಡಿದೇ ಏರಬೇಕು. ಮಂಡಿನೋವಿರುವವರು ಯೋಚಿಸಿ ಹೊರಡುವುದು ಒಳ್ಳೆಯದು, ಇಳಿಯುವವರು ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕಾಗುತ್ತದೆ. ದಾರಿಯಲ್ಲಿ ಊರಿನ ಹಕ್ಕುಪತ್ರಗಳನ್ನು ಕಬ್ಬಿಣದ ಕಟಕಟೆಯ ಹಿಂದೆ, ಹಲವು ಬೀಗಗಳ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಭಂಡಾರದ ಕೋಣೆ ಸಿಗುತ್ತದೆ. 1280ರ ಬೆಂಕಿಯಲ್ಲಿ ಇಲ್ಲಿದ್ದ ಹಳೆಯ ದಾಖಲೆಗಳು ಸುಟ್ಟುಹೋದವು.

ಅದಕ್ಕೂ ಮೇಲಿನ ಕೋಣೆಯಲ್ಲಿ ಹದಿನೆಂಟನೆಯ ಶತಮಾನದ ಭಾರಿ ಲೋಹದ ಉರುಳೆಯೊಂದಿದೆ. ನನ್ನವರು ಅದನ್ನು ಬಿಟ್ಟು ಕದಲಲಿಲ್ಲ. ಉರುಳೆಯ ಮೈತುಂಬ ಸಾಲು ಸಾಲು ತೂತುಗಳು; ಬೇಕಾದ ತೂತುಗಳಿಗೆ ಗೂಟಗಳನ್ನು ಕೂಡಿಸಿರುತ್ತಾರೆ. ಉರುಳೆ ತಿರುಗಿದಾಗ ಗೂಟ ಬಂದು ಒಂದು ಸನ್ನೆಯನ್ನು ಎತ್ತುತ್ತದೆ, ಸನ್ನೆ ತಂತಿಯನ್ನು ಎಳೆಯುತ್ತದೆ, ತಂತಿ ಮೇಲಿನ ಗಂಟೆಯ ಸುತ್ತಿಗೆಯನ್ನು ಬೀಳಿಸುತ್ತದೆ. ಗೂಟಗಳ ಸ್ಥಾನ ಬದಲಿಸಿದರೆ ರಾಗವೂ ಬದಲಾಗುತ್ತದೆ. ನಿನ್ನೆ ಕಂಡ ದಿಂಬು, ರಟ್ಟಿನ ತೂತು, ಗುಂಡುಸೂಜಿಗಳು ನನಗೆ ನೆನಪಾದವು. ಅಲ್ಲಿ ಎಳೆಯನ್ನು ನಿಲ್ಲಿಸುವ ಕೆಲಸವನ್ನು ಇಲ್ಲಿ ನಾದಕ್ಕೆ ಮಾಡಿದ್ದಾರೆ ಎಂದೆ. ಅವರು ಉರುಳೆಯಿಂದ ಕಣ್ಣು ತೆಗೆಯದೆಯೇ ಹೌದೆಂದರು. ಗಂಟೆಗಳಿಗೂ ಬಟ್ಟೆಗೂ ನಂಟಿದೆ. ಫ್ಲಾಂಡರ್ಸಿನ ಬಟ್ಟೆಯ ಊರುಗಳಲ್ಲಿ ನೇಕಾರರ ದುಡಿಮೆ ಶುರುವಾಗುತ್ತಿದ್ದದ್ದೂ ಮುಗಿಯುತ್ತಿದ್ದದ್ದೂ ಊರಗಂಟೆಯ ಮೇಲೆ. ಆ ಗಂಟೆ ಯಾರ ಕೈಯಲ್ಲಿದೆ ಎಂಬುದು ಕೂಲಿಯಷ್ಟೇ ದೊಡ್ಡ ಜಗಳದ ಮಾತಾಗಿತ್ತು.

ತುದಿಯಲ್ಲಿ 47 ಗಂಟೆಗಳು ತೂಗುತ್ತಿವೆ. ಕೆಳಗೆ ಕೆಂಪು ಹೆಂಚಿನ ಸೂರುಗಳು ಮೊಟ್ಟೆಯಾಕಾರದ ಕಾಲುವೆಯ ಬಳಸಿನೊಳಗೆ ಇಕ್ಕಟ್ಟಾಗಿ ಕೂಡಿವೆ. ಉತ್ತರಕ್ಕೆ ಸಮುದ್ರದ ಕಡೆ ಬಯಲು, ಅದರಲ್ಲಿ ಒಂದೇ ನೇರ ಗೆರೆಯಂತೆ ಡಾಮೆ ಎಂಬ ಊರಿಗೆ ಹೋಗುವ ಕಾಲುವೆ.

ಹನ್ನೊಂದಕ್ಕೆ ಮುಂಚೆ ಇಳಿದು ಹಾಲೆನ್‌ನ ಒಳ ಅಂಗಳದಲ್ಲಿ ನಿಂತೆವು. ಭಾನುವಾರ ಗಂಟೆವಾದಕ ಮೇಲೆ ಕುಳಿತು ಮರದ ಹಿಡಿಗಳನ್ನು ಮುಷ್ಟಿಯಿಂದ ಒತ್ತಿ ಆ ಗಂಟೆಗಳನ್ನು ನುಡಿಸುತ್ತಾರೆ. ಉರುಳೆಯ ನುಡಿಸುವಿಕೆಗೂ ಇದಕ್ಕೂ ಇರುವ ಅಂತರ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಇಲ್ಲಿ ಸ್ವರ ಒಮ್ಮೆ ತುಸು ಕಾಯುತ್ತದೆ, ಒಮ್ಮೆ ಮೃದುವಾಗುತ್ತದೆ. ಬಟ್ಟೆಯ ಮೂಟೆಗಳು ರಾಶಿ ಬೀಳುತ್ತಿದ್ದ ಆ ಅಂಗಳದ ಕಲ್ಲಿನ ಮೇಲೆ ನಾವು ಹತ್ತು ಹದಿನೈದು ಜನ ಕೈ ಉಜ್ಜಿಕೊಳ್ಳುತ್ತ ಆಕಾಶಕ್ಕೆ ಮುಖವೆತ್ತಿ ನಿಂತಿದ್ದೆವು.

ಬುರ್ಗ್ ಚೌಕದಲ್ಲಿ 1376ರಲ್ಲಿ ಆರಂಭಿಸಿದ ಪುರಭವನವನ್ನು ನೋಡಿದೆವು. ಅದರೆದುರಿನ ಮರಗಳ ಜಾಗದಲ್ಲಿ ಸಂತ ಡೊನೇಷಿಯನ್ನನ ಚರ್ಚು ಇತ್ತು; ನಿನ್ನೆ ಕಂಡ ಪಾದ್ರಿಯ ಚಿತ್ರ ಇದ್ದದ್ದೂ, ವಾನ್ ಐಕ್‌ನನ್ನು ಹೂಳಿದ್ದೂ ಅಲ್ಲಿಯೇ. 1799ರಲ್ಲಿ ಅದನ್ನು ನೆಲಸಮ ಮಾಡಿದರು.

ನನ್ನವರು ಹಟ ಹಿಡಿದು ಕರೆದೊಯ್ದ ಕೊನೆಯ ಜಾಗ ಸಿಮೋನ್ ಸ್ಟೇವಿನ್ ಚೌಕ. 1548ರಲ್ಲಿ ಈ ಊರಿನಲ್ಲಿ ಹುಟ್ಟಿದ ಈ ಗಣಿತಜ್ಞ 1585ರಲ್ಲಿ ದಶಮಾಂಶ ಭಿನ್ನರಾಶಿಗಳ ಲೆಕ್ಕವನ್ನು ವಿವರಿಸುವ ಕಿರುಹೊತ್ತಗೆಯೊಂದನ್ನು ಲ್ಯಾಟಿನ್ನಿನಲ್ಲಲ್ಲ, ತನ್ನ ಡಚ್ಚಿನಲ್ಲಿ ಬರೆದ. ವಿಜ್ಞಾನಕ್ಕೆ ತಾಯ್ನುಡಿಯೇ ತಕ್ಕದ್ದೆಂದು ನಂಬಿ ಹೊಸ ಪದಗಳನ್ನು ಕಟ್ಟಿದ. ಗಣಿತಕ್ಕೆ ಡಚ್ಚರು ಇಂದು ಬಳಸುವ ‘ವಿಸ್ಕುಂಡೆ’ ಎಂಬ ಪದದ ಮೂಲ ಅವನದು, ಖಚಿತವಾದುದರ ಅರಿವು ಎಂದು ಅದರ ಅರ್ಥ. ಕನ್ನಡದಲ್ಲಿ ಗಣಿತ ಕಲಿತು ಬಂದ ನನ್ನವರಿಗೆ ಅವನೆಂದರೆ ಎಷ್ಟು ಗೌರವವೆಂಬುದು ಆ ಪ್ರತಿಮೆಯೆದುರು ಅವರು ಟೋಪಿ ತೆಗೆದಾಗ ನನಗೆ ಗೊತ್ತಾಯಿತು. ಆ ಹೊತ್ತಗೆಯನ್ನು ಅವನು ಯಾರಿಗೆ ಅರ್ಪಿಸಿದ್ದಾನೆಂದು ದಾರಿಯಲ್ಲಿ ಹೇಳಿದರು: ನಕ್ಷತ್ರ ನೋಡುವವರಿಗೆ, ನೆಲ ಅಳೆಯುವವರಿಗೆ, ಚಿತ್ರವಸ್ತ್ರ ಅಳೆಯುವವರಿಗೆ, ದ್ರಾಕ್ಷಾರಸ ಅಳೆಯುವವರಿಗೆ, ನಾಣ್ಯ ಟಂಕಿಸುವವರಿಗೆ, ಎಲ್ಲ ವರ್ತಕರಿಗೆ. ನಕ್ಷತ್ರದವರ ಸಾಲಿನಲ್ಲೇ ಬಟ್ಟೆಯವರನ್ನೂ ನಿಲ್ಲಿಸಿದ್ದಾನೆ.

ಮೂರರ ರೈಲು ಹಿಡಿದೆವು. ಗೆಂಟ್ ಬರುವವರೆಗೆ ಇಬ್ಬರೂ ಕಣ್ಣು ಮುಚ್ಚಿದ್ದೆವು. ಆಮೇಲೆ ನಾನು ಕಸೂತಿಯ ತುಂಡನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹಿಂಬದಿಯಲ್ಲಿ ಒಂದೆಡೆ, ಯಾರದೋ ಬೆರಳಿನಿಂದ ಅಂಟಿಕೊಂಡಿದ್ದ ಬಿಳಿಯ ಲೇಸುನೂಲಿನ ಚೂರೊಂದಿತ್ತು. ಅದನ್ನು ತೆಗೆಯದೆ, ಬಿಟ್ಟಲ್ಲಿಂದ ಎಳೆ ಎಣಿಸಿ ಸೂಜಿ ಚುಚ್ಚಿದೆ. ಆಂಟ್ವರ್ಪ್ ಬರುವಷ್ಟರಲ್ಲಿ ಗೋಪುರದ ಎಡ ಮಗ್ಗುಲು ಮುಗಿದಿತ್ತು.